ಅಮೆರಿಕದ ಗೇಮ್ ಮೆಷಿನ್, ನಮ್ಮ ಮನೆಯ ಕರೆಂಟ್

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಹಳೇ ವಿಡಿಯೋ ಗೇಮ್ ಮೆಷಿನ್‌ಗಳ ಬಗ್ಗೆಯೇ ಇವೆ. ಆಳೆತ್ತರದ ಪೆಟ್ಟಿಗೆ, ಎದುರಿಗೆ ಸ್ಟಿಕ್ಕು, ಕಾಯಿನ್ ಹಾಕುವ ಬಾಗಿಲು, ಅಂಥವು. ತುಮಕೂರಿನಲ್ಲಿ ಅಪ್ಪ ಇಟ್ಟಿದ್ದ ವೈಂಡಿಂಗ್ ಅಂಗಡಿಯಲ್ಲಿ ನಾನು ಕೂತು ಇಪ್ಪತ್ತಾರು ವರ್ಷ ಆಯಿತು. ಮೋಟಾರ್, ಸ್ಟೆಬಿಲೈಸರ್, ಟ್ರಾನ್ಸ್‌ಫಾರ್ಮರ್ ಸುತ್ತುವುದೇ ಕೆಲಸ. ಇಂಥ ಮೆಷಿನ್‌ಗಳಿಗೆ ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟು, ನಾನೇ ಹೋಗಿ ಜೋಡಿಸಿಯೂ ಬಂದಿದ್ದೇನೆ. ಆದ್ದರಿಂದ ಈ ತಿಂಗಳು ಪೂರ್ತಿ ಇದೇ ವಿಷಯ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ದೊಡ್ಡಪ್ಪ ನ್ಯೂಜೆರ್ಸಿಯಲ್ಲಿ ಮೂವತ್ತು ವರ್ಷ ಇದ್ದು ಈಗ ಮೈಸೂರಿಗೆ ವಾಪಸ್ ಬಂದಿದ್ದಾರೆ. ಮನೆ ಸಾಮಾನಿನ ಜೊತೆ 1981ರ ಡಾಂಕಿ ಕಾಂಗ್ ಮೆಷಿನ್ ತಂದಿದ್ದಾರೆ. ಒಬ್ಬ ಎಲೆಕ್ಟ್ರಿಷಿಯನ್ ‘ಅಮೆರಿಕದ್ದು, 110 ವೋಲ್ಟ್ ಸ್ಟೆಪ್ ಡೌನ್ ಸಾಕು’ ಅಂತಾರೆ. ಇನ್ನೊಬ್ಬರು ‘ನಿಂಟೆಂಡೊ ಜಪಾನ್ ಕಂಪನಿ, 100 ವೋಲ್ಟೇ ಬೇಕು’ ಅಂತಾರೆ. ಯಾರ ಮಾತು ಸರಿ? ಎಷ್ಟು ವ್ಯಾಟಿನದು ತಗೊಳ್ಳಲಿ? ಮನೆ ಮಕ್ಕಳು ಆಡುವ ಮೆಷಿನ್, ಅದಕ್ಕೇ ಭಯ. (ಓದುಗರು, ಮೈಸೂರು)

ಉತ್ತರ: ಇಬ್ಬರ ಮಾತೂ ನಿಜ. ಹಿಂಬಾಗಿಲು ತೆಗೆದು ನೋಡಿದರೆ ಕಾರಣ ಗೊತ್ತಾಗುತ್ತದೆ. ಆ ಮೆಷಿನ್ನಿನ ಮಾನಿಟರ್ ಜಪಾನಿನ ಸ್ಯಾನ್ಯೊ. ಅದಕ್ಕೂ ಪವರ್ ಸಪ್ಲೈಗೂ ಬೇಕಾದದ್ದು 100 ವೋಲ್ಟ್. ಅಮೆರಿಕದ ಗೋಡೆಯಲ್ಲಿ ಬರುವುದು 120. ಅದಕ್ಕಾಗಿ ನಿಂಟೆಂಡೊದವರು ಪೆಟ್ಟಿಗೆಯ ಒಳಗೇ ಒಂದು ಟ್ರಾನ್ಸ್‌ಫಾರ್ಮರ್ ಕೂರಿಸಿದ್ದಾರೆ. ಗೋಡೆಯ ಕರೆಂಟನ್ನು 100ಕ್ಕೆ ಇಳಿಸುವುದು ಅದರ ಕೆಲಸ. ಅಂದರೆ ಪ್ಲಗ್ಗಿಗೆ ಅಮೆರಿಕದ ವೋಲ್ಟೇಜ್ ಬೇಕು, ಒಳಗೆ ಜಪಾನಿನದು.

ನೀವು ಮಾಡಬೇಕಾದ್ದು ಗೋಡೆಗೂ ಮೆಷಿನ್ ಪ್ಲಗ್ಗಿಗೂ ನಡುವೆ 230ರಿಂದ 115ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್ ಇಡುವುದು. ಒಳಗಿನದನ್ನು ಮುಟ್ಟಬೇಡಿ. ‘ಹೊರಗಿಂದಲೇ 100 ಕೊಟ್ಟು ಒಳಗಿನದನ್ನು ಕಿತ್ತುಹಾಕೋಣ, ಒಂದು ಟ್ರಾನ್ಸ್‌ಫಾರ್ಮರ್ ಉಳಿಯುತ್ತೆ’ ಅಂತ ಯಾರಾದರೂ ಹೇಳಬಹುದು. ಒಪ್ಪಲೇಬೇಡಿ. ಒಳಗಿನದು ಬರೀ ವೋಲ್ಟೇಜ್ ಇಳಿಸುತ್ತಿಲ್ಲ, ಮಾನಿಟರನ್ನು ಗೋಡೆಯ ಲೈನಿನಿಂದ ಬೇರೆ ಮಾಡುತ್ತಿದೆ. ಆ ಕಾಲದ ಬಹುತೇಕ ಆರ್ಕೇಡ್ ಮಾನಿಟರ್‌ಗಳು ಒಳಗೆ ಬಂದ ಕರೆಂಟನ್ನು ನೇರವಾಗಿ ಡಯೋಡ್ ಬ್ರಿಡ್ಜ್‌ಗೆ (ಎಸಿಯನ್ನು ಡಿಸಿ ಮಾಡುವ ಭಾಗ) ಕೊಡುತ್ತವೆ. ನಡುವೆ ಬೇರೆ ಮಾಡುವ ಟ್ರಾನ್ಸ್‌ಫಾರ್ಮರ್ ಇಲ್ಲದಿದ್ದರೆ ಮಾನಿಟರ್‌ನ ಗ್ರೌಂಡ್, ಅಂದರೆ ಅದರ ಸೊನ್ನೆ ವೋಲ್ಟಿನ ತುದಿ, ಗೋಡೆಯ ಲೈನಿಗೇ ಅಂಟಿಕೊಂಡ ಹಾಗೆ. ಗೇಮ್ ಬೋರ್ಡಿನ ಗ್ರೌಂಡ್ ಅದಕ್ಕೆ ಸೇರಿದ ತಕ್ಷಣ ಡಯೋಡ್, ಫ್ಯೂಸ್ ಎಲ್ಲ ಹೋಗುತ್ತವೆ. ಫ್ಯೂಸ್ ಹೋಗದೆ ಉಳಿದರೆ ಇನ್ನೂ ಕೆಟ್ಟದ್ದು. ಆಗ ಸ್ಟಿಕ್ಕು ಹಿಡಿದ ಮಗುವಿನ ಕೈಗೆ ಕರೆಂಟ್ ಬರುತ್ತದೆ.

ಈಗ ಎಂಥ ಟ್ರಾನ್ಸ್‌ಫಾರ್ಮರ್ ಅಂತ ನೋಡೋಣ. ಮಾರ್ಕೆಟ್ಟಿನಲ್ಲಿ ಮೂರು ತರಹ ಸಿಗುತ್ತವೆ. ಒಂದು, ಅಂಗೈಯಗಲದ ಹಗುರ ಡಬ್ಬಿ, ಮೇಲೆ 1600 ವ್ಯಾಟ್ ಅಂತ ಬರೆದಿರುತ್ತದೆ. ಅದು ಟ್ರಾನ್ಸ್‌ಫಾರ್ಮರೇ ಅಲ್ಲ. ಪ್ರವಾಸ ಹೋಗುವವರು ಹೇರ್ ಡ್ರೈಯರ್‌ಗೆ ಹಾಕಿಕೊಳ್ಳುವ ಕನ್ವರ್ಟರ್. ಕರೆಂಟಿನ ಅಲೆಯನ್ನು ಕತ್ತರಿಸಿ ಕಳಿಸುತ್ತದೆ, ಅಲೆಯ ತುದಿ ಆಗಲೂ 300 ವೋಲ್ಟಿನ ಹತ್ತಿರಕ್ಕೆ ಹೋಗುತ್ತಿರುತ್ತದೆ. ಗೇಮ್ ಮೆಷಿನ್ನಿನ ಹತ್ತಿರಕ್ಕೂ ಅದನ್ನು ತರಬೇಡಿ.

ಎರಡನೆಯದು ಆಟೋ ಟ್ರಾನ್ಸ್‌ಫಾರ್ಮರ್. ಒಂದೇ ಸುತ್ತು, ಮಧ್ಯದಲ್ಲಿ ಒಂದು ಟ್ಯಾಪ್, ಅಂದರೆ ಸುತ್ತಿನಿಂದ ಹೊರಗೆ ತೆಗೆದ ತುದಿ. ಹಗುರ, ಅಗ್ಗ. ಅಂಗಡಿಯವರು ‘ಸ್ಟೆಪ್ ಡೌನ್’ ಅಂತ ಕೈಗೆ ಕೊಡುವುದು ಹೆಚ್ಚಾಗಿ ಇದನ್ನೇ. ಇದರಲ್ಲಿ ಔಟ್‌ಪುಟ್ಟಿನ ಒಂದು ತುದಿ ಇನ್‌ಪುಟ್ಟಿನ ಒಂದು ತುದಿಯೇ ಆಗಿರುತ್ತದೆ. ಎರಡು ಪಿನ್ನಿನ ಪ್ಲಗ್ ಉಲ್ಟಾ ಚುಚ್ಚಿದರೆ ಏನಾಗುತ್ತೆ ಅಂತ ಯೋಚಿಸಿ. ಮೀಟರ್ ಔಟ್‌ಪುಟ್ಟಿನಲ್ಲಿ ಆಗಲೂ 115 ತೋರಿಸುತ್ತದೆ, ಮೆಷಿನ್ನೂ ನಡೆಯುತ್ತದೆ. ಆದರೆ ಅದರ ‘ನ್ಯೂಟ್ರಲ್’ ವೈರ್ ಭೂಮಿಯಿಂದ 230 ವೋಲ್ಟ್ ಮೇಲೆ ನಿಂತಿರುತ್ತದೆ. ಅಮೆರಿಕದ ಮೆಷಿನ್ನಿನಲ್ಲಿ ಫ್ಯೂಸ್ ಇರುವುದು ಇನ್ನೊಂದು ವೈರಿನಲ್ಲಿ.

ಇದರದೇ ಇನ್ನೊಂದು ಅಪಾಯ ನಾನು ಕಣ್ಣಾರೆ ಕಂಡದ್ದು. ಹದಿನಾಲ್ಕು ವರ್ಷದ ಹಿಂದೆ ಒಬ್ಬರ ಮನೆಯಲ್ಲಿ ಟೇಬಲ್ ತರಹದ ಮಿಸ್ ಪ್ಯಾಕ್‌ಮ್ಯಾನ್ ಮೆಷಿನ್ನಿಗೆ ಅವಸರದಲ್ಲಿ ಅಂಗಡಿಯ ಸ್ಟೆಪ್ ಡೌನ್ ತಂದು ಹಾಕಿದೆ. ಮುಚ್ಚಳ ಬಿಚ್ಚಿ ನೋಡಲಿಲ್ಲ. ಎರಡು ತಿಂಗಳು ಚೆನ್ನಾಗಿ ನಡೆಯಿತು. ಒಂದು ಸಂಜೆ ಫೋನ್ ಬಂತು, ‘ಸುಟ್ಟ ವಾಸನೆ ಬರ್ತಿದೆ’ ಅಂತ. ಹೋಗಿ ಡಬ್ಬಿ ಬಿಚ್ಚಿದೆ. ಸುತ್ತಿನ ಕೆಳ ತುದಿಯ ಬೆಸುಗೆಯಲ್ಲಿ ತಂತಿಯ ವಾರ್ನಿಷ್ ಸರಿಯಾಗಿ ಕೆರೆದಿರಲಿಲ್ಲ. ಸೀಸ ಮೇಲ್ಮೇಲೆ ಕೂತಿತ್ತು. ದಿನಾ ಬಿಸಿಯಾಗಿ ತಣ್ಣಗಾಗಿ ಆ ತುದಿ ಬಿಟ್ಟುಕೊಂಡಿತ್ತು. ಆಟೋ ಟ್ರಾನ್ಸ್‌ಫಾರ್ಮರಿನಲ್ಲಿ ಆ ತುದಿ ಬಿಟ್ಟರೆ ಔಟ್‌ಪುಟ್ ಸೊನ್ನೆ ಆಗುವುದಿಲ್ಲ, 230ರ ಕಡೆಗೆ ಏರುತ್ತದೆ. ಮಾನಿಟರ್ ಬೋರ್ಡ್ ಕಪ್ಪಾಗಿತ್ತು. ಅವರ ಮಗಳು ಸ್ವಿಚ್ ಆರಿಸದೆ ಹೋಗಿದ್ದರೆ ಮರದ ಪೆಟ್ಟಿಗೆಗೇ ಬೆಂಕಿ ಹತ್ತುತ್ತಿತ್ತು. ಅಂದಿನಿಂದ ಮುಚ್ಚಳ ಬಿಚ್ಚಿ ನೋಡದೆ ಯಾವ ಡಬ್ಬಿಯನ್ನೂ ನಾನು ಜೋಡಿಸಿಲ್ಲ.

ನಿಮಗೆ ಬೇಕಾದದ್ದು ಮೂರನೆಯದು. ಕರೆಂಟ್ ಒಳಬರುವ ಪ್ರೈಮರಿ, ಹೊರಹೋಗುವ ಸೆಕೆಂಡರಿ ಎರಡೂ ಬೇರೆ ಬೇರೆ ಸುತ್ತಿದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್. ಭಾರ ಜಾಸ್ತಿ, ದುಡ್ಡೂ ಜಾಸ್ತಿ. ಇಲ್ಲಿ ತಂತಿ ಕಡಿದರೆ ಔಟ್‌ಪುಟ್ ನಿಂತುಹೋಗುತ್ತದೆ, ಅಷ್ಟೇ. ರೆಡಿಮೇಡ್ ಸಿಗದಿದ್ದರೆ ಮೈಸೂರಿನಲ್ಲೇ ಒಳ್ಳೆ ವೈಂಡಿಂಗ್ ಅಂಗಡಿಯಲ್ಲಿ ಸುತ್ತಿಸಿ. ಈ ಮಾತುಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ: 500 ವಿಎ (ವೋಲ್ಟ್ ಆಂಪಿಯರ್, ವ್ಯಾಟಿನ ಹಾಗೇ ಸಾಮರ್ಥ್ಯದ ಅಳತೆ), ಇನ್‌ಪುಟ್ 230, ಔಟ್‌ಪುಟ್ಟಿನಲ್ಲಿ 105, 110, 115 ಮೂರು ಟ್ಯಾಪ್, ಎರಡು ಸುತ್ತಿನ ನಡುವೆ ತಾಮ್ರದ ಹಾಳೆಯ ಶೀಲ್ಡ್, ಕೊನೆಗೆ ವಾರ್ನಿಷ್‌ನಲ್ಲಿ ಅದ್ದಿ ಒಣಗಿಸಬೇಕು. ಆ ತಾಮ್ರದ ಹಾಳೆಯ ಬಗ್ಗೆ ಒಂದು ಮಾತು. ಅದರ ಎರಡು ತುದಿ ಒಂದರ ಮೇಲೊಂದು ಬರುವಲ್ಲಿ ಕರೆಂಟ್ ಹಾಯದ ಲೆದರಾಯ್ಡ್ ಪೇಪರ್ ಇಡಲೇಬೇಕು. ಇಡದಿದ್ದರೆ ಅದೇ ಒಂದು ಶಾರ್ಟ್ ಆದ ಸುತ್ತು ಆಗಿ ಟ್ರಾನ್ಸ್‌ಫಾರ್ಮರ್ ಕೆಂಡದ ಹಾಗೆ ಕಾಯುತ್ತದೆ. ನನ್ನ ಹತ್ತಿರ ಕಲಿಯಲು ಬಂದ ಹುಡುಗರಿಗೆ ಇದನ್ನು ಬೆರಳು ಹಿಡಿದು ತೋರಿಸುತ್ತೇನೆ. ಹೊರಗಿನಿಂದ ಈ ತಪ್ಪು ಕಾಣುವುದೇ ಇಲ್ಲ.

ಮೆಷಿನ್ 150ರಿಂದ 200 ವ್ಯಾಟ್ ತಿನ್ನಬಹುದು, 500 ಯಾಕೆ ಅಂತ ಕೇಳಬಹುದು. ಆನ್ ಮಾಡಿದ ಕ್ಷಣ ಮಾನಿಟರ್‌ನ ಡಿಗಾಸ್ ಕಾಯಿಲ್ (ಪಿಕ್ಚರ್ ಟ್ಯೂಬಿಗೆ ಅಂಟಿದ ಕಾಂತ ತೆಗೆಯುವ ಸುತ್ತು), ಕೆಪ್ಯಾಸಿಟರ್‌ಗಳು ಒಟ್ಟಿಗೆ ಎಳೆಯುತ್ತವೆ. ಅರ್ಧ ಲೋಡಿನಲ್ಲಿ ನಡೆಯುವ ಟ್ರಾನ್ಸ್‌ಫಾರ್ಮರ್ ತಣ್ಣಗಿರುತ್ತದೆ, ಗುಂಯ್ ಅನ್ನುವುದಿಲ್ಲ. 500 ವಿಎ ಅಂದರೆ 230ರ ಕಡೆ ಸುಮಾರು 2.2 ಆಂಪ್ಸ್, 115ರ ಕಡೆ 4.3. ಒಳಬರುವ ಕಡೆ 3.15 ಆಂಪ್ಸ್, ಹೊರಹೋಗುವ ಕಡೆ 4 ಆಂಪ್ಸ್ ಫ್ಯೂಸ್ ಹಾಕಿಸಿ. ಎರಡೂ ನಿಧಾನಕ್ಕೆ ಹೋಗುವ ಟೈಮ್ ಲ್ಯಾಗ್ ಫ್ಯೂಸ್ ಆಗಿರಲಿ. ಮಾಮೂಲಿ ಫ್ಯೂಸ್ ಹಾಕಿದರೆ ಆನ್ ಮಾಡಿದಾಗಲೆಲ್ಲ ಹಾರುತ್ತದೆ. ಆಮೇಲೆ ಯಾರೋ ಬೇಸರದಲ್ಲಿ ಅಲ್ಲಿಗೆ ತಂತಿ ಸುತ್ತುತ್ತಾರೆ.

ಟ್ಯಾಪ್ ಮೂರು ಯಾಕೆಂದರೆ, ಅಮೆರಿಕದ ಕರೆಂಟ್ 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಅಲೆ, ನಮ್ಮದು 50. ಅದೇ ವೋಲ್ಟೇಜನ್ನು 50 ಹರ್ಟ್ಸ್‌ನಲ್ಲಿ ಕೊಟ್ಟರೆ ಒಳಗಿನ ಟ್ರಾನ್ಸ್‌ಫಾರ್ಮರಿನ ಕೋರ್ ಮೇಲೆ ಕಾಂತದ ಹೊರೆ ಶೇಕಡ 20ರಷ್ಟು ಜಾಸ್ತಿ. 60 ಹರ್ಟ್ಸ್‌ಗೆ 100 ಸುತ್ತು ಸಾಕಾಗುವ ಕೋರಿಗೆ ಇಲ್ಲಿ 120 ಸುತ್ತು ಹಾಕಬೇಕು ಅಂತ ನಮ್ಮ ಲೆಕ್ಕ. ಅದಕ್ಕೇ 105ರಿಂದ ಶುರು ಮಾಡಿ. ಬೋರ್ಡಿನಲ್ಲಿ 5 ವೋಲ್ಟ್ ಸರಿಯಾಗಿ ನಿಂತು, ಚಿತ್ರ ಪರದೆ ತುಂಬ ಬಂದರೆ ಅಲ್ಲೇ ನಿಲ್ಲಿಸಿ. ಚಿತ್ರ ಕುಗ್ಗಿದರೆ ಮಾತ್ರ 110ಕ್ಕೆ, ಆಮೇಲೆ 115ಕ್ಕೆ ಹೋಗಿ. ಒಂದು ಗಂಟೆ ಓಡಿಸಿ, ಆರಿಸಿ, ಪ್ಲಗ್ ತೆಗೆದು, ಒಳಗಿನ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ಮೇಲೆ ಕೈಯಿಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಒಂದು ಟ್ಯಾಪ್ ಇಳಿಸಿ.

ಇನ್ನು ಬಣ್ಣ. ನಮ್ಮ ಎಲೆಕ್ಟ್ರಿಷಿಯನ್‌ಗೆ ಇದನ್ನು ನೀವೇ ಮೊದಲು ಹೇಳಬೇಕು. ನಮ್ಮ ಮನೆಗಳ ವೈರಿಂಗ್‌ನಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್. ಅಮೆರಿಕದಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್. ಹಸಿರು ಎರಡೂ ಕಡೆ ಅರ್ಥ್. ಇಪ್ಪತ್ತು ವರ್ಷ ಕೆಲಸ ಮಾಡಿದ ಕೈ ಕಪ್ಪು ವೈರನ್ನು ಕಂಡರೆ ತಾನಾಗಿಯೇ ನ್ಯೂಟ್ರಲ್‌ಗೆ ಹೋಗುತ್ತದೆ. ಅದು ಕೌಶಲ ಇಲ್ಲದೆ ಅಲ್ಲ, ಅಭ್ಯಾಸದಿಂದ. ಮೆಷಿನ್ನಿನ ಕಪ್ಪು ವೈರಿಗೆ ಎರಡು ಸುತ್ತು ಕೆಂಪು ಟೇಪ್ ಹಾಕಿ ಆಮೇಲೆ ಅವರನ್ನು ಕರೆಯಿರಿ.

ಹಸಿರು ವೈರಿನ ವಿಷಯಕ್ಕೆ ಈ ಪತ್ರದ ಅರ್ಧ ಜಾಗ ಕೊಟ್ಟರೂ ಕಡಿಮೆಯೇ. ಟ್ರಾನ್ಸ್‌ಫಾರ್ಮರ್ ಅರ್ಥನ್ನು ಇಳಿಸಬೇಕಿಲ್ಲ, ಬೇರೆ ಮಾಡಬೇಕಿಲ್ಲ. ಗೋಡೆಯ ಮೂರನೇ ಪಿನ್ನಿನಿಂದ ಅದು ನೇರವಾಗಿ, ಒಂದೇ ತುಂಡಾಗಿ, ಟ್ರಾನ್ಸ್‌ಫಾರ್ಮರಿನ ಕಬ್ಬಿಣ, ತಾಮ್ರದ ಶೀಲ್ಡ್, ಡಬ್ಬಿಯ ಮೈ, ಆಮೇಲೆ ಮೆಷಿನ್ನಿನ ಹಸಿರು ವೈರ್, ಇಷ್ಟನ್ನೂ ಮುಟ್ಟಬೇಕು. ಅಂಗಡಿಯ ಎಷ್ಟೋ ಸ್ಟೆಪ್ ಡೌನ್‌ಗಳಲ್ಲಿ ಹೊರಗೆ ಮೂರು ತೂತಿನ ಸಾಕೆಟ್ ಇರುತ್ತದೆ. ಒಳಗೆ ನೋಡಿದರೆ ಮೂರನೇ ತೂತಿಗೆ ವೈರೇ ಇರುವುದಿಲ್ಲ! ಜೋಡಿಸಿದ ಮೇಲೆ, ಪ್ಲಗ್ ಗೋಡೆಯಿಂದ ತೆಗೆದಿರುವಾಗಲೇ, ಮಲ್ಟಿಮೀಟರಿನ ಒಂದು ಕಡ್ಡಿ ಪ್ಲಗ್ಗಿನ ಅರ್ಥ್ ಪಿನ್ನಿಗೆ, ಇನ್ನೊಂದು ಕಾಯಿನ್ ಬಾಗಿಲಿನ ಕಬ್ಬಿಣಕ್ಕೆ ಇಡಿ. ಒಂದು ಓಮ್‌ಗಿಂತ ಕಡಿಮೆ ಬರಬೇಕು. ಕಂಟ್ರೋಲ್ ಪ್ಯಾನೆಲ್ಲಿನ ಲೋಹಕ್ಕೂ, ಮಾನಿಟರ್‌ನ ಚೌಕಟ್ಟಿಗೂ ಹಾಗೇ ನೋಡಿ. ಬಣ್ಣ ಬಳಿದ ಕಡೆ ಕಡ್ಡಿ ಇಟ್ಟರೆ ಏನೂ ತೋರಿಸುವುದಿಲ್ಲ, ಸ್ಕ್ರೂ ತಲೆಯ ಮೇಲೆ ಇಡಿ.

ಸೆಕೆಂಡರಿಯಲ್ಲಿ ಮೆಷಿನ್ನಿನ ಬಿಳಿ ವೈರ್ ಸೇರುವ ತುದಿಯನ್ನು ಟ್ರಾನ್ಸ್‌ಫಾರ್ಮರಿನ ಡಬ್ಬಿಯೊಳಗೇ ಅರ್ಥ್‌ಗೆ ಕಟ್ಟಿಸಿ ಅನ್ನುವುದು ನನ್ನ ಸಲಹೆ. ಹಾಗೆ ಕಟ್ಟಿದರೆ ಕಪ್ಪು ವೈರ್ ಎಲ್ಲಾದರೂ ಕಬ್ಬಿಣಕ್ಕೆ ತಗುಲಿದ ತಕ್ಷಣ ಫ್ಯೂಸ್ ಹೋಗುತ್ತದೆ. ಕಟ್ಟದೆ ಬಿಟ್ಟರೆ ಮೊದಲನೇ ತಪ್ಪು ಯಾರಿಗೂ ಗೊತ್ತಾಗದೆ ಕೂತಿರುತ್ತದೆ. ಒಂದು ಎಚ್ಚರ: ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪ್ಸ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇದ್ದರೂ ಅದು ಕಾಯುವುದು ಟ್ರಾನ್ಸ್‌ಫಾರ್ಮರಿನ ಇನ್‌ಪುಟ್‌ವರೆಗೆ ಮಾತ್ರ. ಔಟ್‌ಪುಟ್ ಕಡೆಯ ಸೋರಿಕೆ ಅದಕ್ಕೆ ಕಾಣುವುದಿಲ್ಲ. ಇಷ್ಟು ಕೆಲಸವನ್ನು ಲೈಸೆನ್ಸ್ ಇರುವ ವೈರ್‌ಮನ್ ಕೈಯಲ್ಲೇ ಮಾಡಿಸಿ.

ಮೊದಲ ಸಲ ಟ್ರಾನ್ಸ್‌ಫಾರ್ಮರನ್ನು ಖಾಲಿಯಾಗಿ, 100 ವ್ಯಾಟಿನ ಹಳೇ ಬಲ್ಬಿನ ಸೀರೀಸ್ ಬೋರ್ಡಿನಲ್ಲಿ, ಅಂದರೆ ಬಲ್ಬಿನ ಮೂಲಕವೇ ಕರೆಂಟ್ ಹೋಗುವ ಹಾಗೆ, ಹಾಕಿ ನೋಡಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ವೈಂಡಿಂಗ್ ಅಂಗಡಿಗೇ ವಾಪಸ್ ಒಯ್ಯಿರಿ. ಮತ್ತೆ, ದಯವಿಟ್ಟು, ಮಾನಿಟರ್‌ನ ಪಿಕ್ಚರ್ ಟ್ಯೂಬಿನ ಮೇಲಿರುವ ರಬ್ಬರ್ ಟೊಪ್ಪಿಯನ್ನು ಯಾರೂ ಮುಟ್ಟಬಾರದು. ಅಲ್ಲಿ ಸುಮಾರು 20,000 ವೋಲ್ಟ್ ಇರುತ್ತದೆ, ಪ್ಲಗ್ ತೆಗೆದ ಮೇಲೂ ಉಳಿದಿರುತ್ತದೆ.

ಪ್ರಶ್ನೆ: ಜಪಾನಿನಿಂದ ತರಿಸಿದ ಸೆಗಾ ಆಸ್ಟ್ರೋ ಸಿಟಿ ಗೇಮ್ ಮೆಷಿನ್ ನನ್ನ ಹತ್ತಿರ ಇದೆ. ಎಸ್.ಪಿ. ರಸ್ತೆಯಲ್ಲಿ ತಗೊಂಡ 110 ವೋಲ್ಟ್ ಸ್ಟೆಪ್ ಡೌನ್ ಹಾಕಿದ್ದೇನೆ. ಚೆನ್ನಾಗಿ ನಡೆಯುತ್ತಿದೆ. ಆದರೆ ಬರಿಗಾಲಲ್ಲಿ ನಿಂತು ಪ್ಯಾನೆಲ್ಲಿನ ಸ್ಕ್ರೂ ಮುಟ್ಟಿದರೆ ಜುಮ್ ಅನ್ನುತ್ತದೆ. ಇದು ಮಾಮೂಲಿನಾ? (ಓದುಗರು, ಬೆಂಗಳೂರು)

ಉತ್ತರ: ಮಾಮೂಲಿ ಅಲ್ಲ. ಈ ಸಾಲು ಓದಿದ ತಕ್ಷಣ ಹೋಗಿ ಪ್ಲಗ್ ತೆಗೆಯಿರಿ, ಉಳಿದದ್ದನ್ನು ಆಮೇಲೆ ಓದಿ.

ಜಪಾನಿನ ಮೆಷಿನ್‌ಗಳ ಕೇಬಲ್ ತುದಿಯಲ್ಲಿ ಹೆಚ್ಚಾಗಿ ಎರಡೇ ಪಿನ್ನು. ಪಕ್ಕದಲ್ಲಿ ಬೇರೆಯಾಗಿ ಒಂದು ಹಸಿರು ವೈರ್, ಅದರ ತುದಿಗೆ ಸ್ಕ್ರೂ ಹಾಕುವ ಕೊಕ್ಕೆ. ಅದೇ ಅರ್ಥ್. ಇಲ್ಲಿಗೆ ಬಂದ ಮೇಲೆ ಅದನ್ನು ಮಡಚಿ ಟೇಪ್ ಸುತ್ತಿ ಒಳಗೆ ತಳ್ಳಿದ್ದನ್ನು ಎಷ್ಟೋ ಕಡೆ ನೋಡಿದ್ದೇನೆ. ನಿಮ್ಮದೂ ಹಾಗೇ ಇರಬೇಕು. ಕರೆಂಟ್ ಒಳಗೆ ಬರುವಲ್ಲಿ ಲೈನ್ ಫಿಲ್ಟರ್ (ಕರೆಂಟಿನ ಗಲಾಟೆ ಸೋಸುವ ಭಾಗ) ಇದ್ದರೆ ಅದರ ಪುಟ್ಟ ಕೆಪ್ಯಾಸಿಟರ್‌ಗಳು ಎರಡೂ ವೈರಿನಿಂದ ಸ್ವಲ್ಪ ಸ್ವಲ್ಪ ಕರೆಂಟನ್ನು ಮೈಗೆ ಕಳಿಸುತ್ತವೆ. ಹಸಿರು ವೈರ್ ಜೋಡಿಸಿದ್ದರೆ ಅದು ಭೂಮಿಗೆ ಹೋಗುತ್ತದೆ. ಇಲ್ಲದಿದ್ದರೆ ನಿಮ್ಮ ಕಾಲಿನ ಮೂಲಕ ಹೋಗುತ್ತದೆ. ಜುಮ್ ಅನ್ನುವುದು ಇದರಿಂದಲೇ ಇರಬಹುದು. ಆದರೆ ಆಟೋ ಟ್ರಾನ್ಸ್‌ಫಾರ್ಮರ್ ಉಲ್ಟಾ ಜೋಡಣೆಯಾಗಿ, ಒಳಗೆಲ್ಲೋ ವೈರ್ ಸವೆದಿದ್ದರೂ ಶುರುವಿನಲ್ಲಿ ಹೀಗೇ ಅನಿಸುತ್ತದೆ. ಬರೀ ಕೈಯ ಅನುಭವದಿಂದ ಇವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಹಸಿರು ವೈರನ್ನು ಸರಿಯಾದ ಅರ್ಥ್‌ಗೆ ಕಟ್ಟಿಸಿ, ಮೆಗ್ಗರ್ (ವೈರಿನ ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿಸಿ, ಆಮೇಲೆ ಆಡಿ.

ಇನ್ನೊಂದು ತೊಂದರೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಮೆಷಿನ್ 100 ವೋಲ್ಟಿನದು. ನಿಮ್ಮ ಸ್ಟೆಪ್ ಡೌನ್ 230ಕ್ಕೆ 110 ಕೊಡುತ್ತದೆ. ರಾತ್ರಿ ಹೊತ್ತು ಲೈನ್ 250ಕ್ಕೆ ಏರಿದರೆ ಅದು ಕೊಡುವುದು ಸುಮಾರು 120. 29 ಇಂಚಿನ ಹಳೇ ಮಾನಿಟರ್ ಇದನ್ನು ಎಷ್ಟು ದಿನ ತಡೆಯುತ್ತೆ? 230ರಿಂದ 100ಕ್ಕೆ ಇಳಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಸುತ್ತಿಸಿ, ಗೋಡೆಗೂ ಅದಕ್ಕೂ ನಡುವೆ ಒಂದು ಸ್ಟೆಬಿಲೈಸರ್ ಇಡಿ. ಹರ್ಟ್ಸ್ ಬಗ್ಗೆ ಮಾತ್ರ ನಿಮಗೆ ಚಿಂತೆ ಬೇಡ. ಜಪಾನಿನಲ್ಲಿ ಟೋಕಿಯೊ ಕಡೆ 50, ಒಸಾಕಾ ಕಡೆ 60 ಹರ್ಟ್ಸ್. 1890ರ ದಶಕದಲ್ಲಿ ಟೋಕಿಯೊದವರು ಜರ್ಮನಿಯಿಂದ, ಒಸಾಕಾದವರು ಅಮೆರಿಕದಿಂದ ಜನರೇಟರ್ ತರಿಸಿದ್ದರು, ಆ ವ್ಯತ್ಯಾಸ ಇವತ್ತಿಗೂ ಉಳಿದಿದೆ. ಹಾಗಾಗಿ ಅಲ್ಲಿನ ಮೆಷಿನ್‌ಗಳನ್ನು ಎರಡಕ್ಕೂ ಹೊಂದುವ ಹಾಗೇ ಮಾಡಿರುತ್ತಾರೆ.

ಪ್ರಶ್ನೆ: 60 ಹರ್ಟ್ಸ್ ಮೆಷಿನ್ ನಮ್ಮ 50 ಹರ್ಟ್ಸ್‌ನಲ್ಲಿ ಆಟ ನಿಧಾನ ಆಗುತ್ತಾ? ನನ್ನ ಗ್ಯಾಲಗಾ ಮೆಷಿನ್ನಿನಲ್ಲಿ ಚಿತ್ರ ನೀರಿನೊಳಗೆ ಇಟ್ಟ ಹಾಗೆ ಅಲುಗಾಡುತ್ತದೆ. (ಓದುಗರು, ಹಾಸನ)

ಉತ್ತರ: ಆಟ ನಿಧಾನ ಆಗುವುದಿಲ್ಲ. ಅದರ ವೇಗ ಬೋರ್ಡಿನ ಮೇಲಿರುವ ಕ್ರಿಸ್ಟಲ್‌ನಿಂದ ಬರುತ್ತದೆ, ಗೋಡೆಯ ಕರೆಂಟಿನಿಂದ ಅಲ್ಲ.

ಅಲುಗಾಡುವುದಕ್ಕೆ ಮೊದಲ ಅನುಮಾನ ನಿಮ್ಮ ಟ್ರಾನ್ಸ್‌ಫಾರ್ಮರ್ ಇಟ್ಟ ಜಾಗದ ಮೇಲೆ. ಮಾನಿಟರ್ ಸೆಕೆಂಡಿಗೆ ಸುಮಾರು 60 ಸಲ ಚಿತ್ರ ಬರೆಯುತ್ತದೆ. ಟ್ರಾನ್ಸ್‌ಫಾರ್ಮರಿನ ಕಾಂತ 50ರಲ್ಲಿ ಮಿಡಿಯುತ್ತದೆ. ಎರಡರ ನಡುವಿನ ಅಂತರ, ಸೆಕೆಂಡಿಗೆ 10 ಸಲ, ನಿಮ್ಮ ಕಣ್ಣಿಗೆ ನಡುಕವಾಗಿ ಕಾಣುತ್ತದೆ. ಅಮೆರಿಕದಲ್ಲಿ ಎರಡೂ 60ರ ಹತ್ತಿರ ಇದ್ದದ್ದರಿಂದ ಕಣ್ಣಿಗೆ ಬೀಳುತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಯಿಂದ ಹೊರಗೆ ತಂದು ಮೂರು ಅಡಿ ದೂರ ಇಡಿ. ನಡುಕ ನಿಂತರೆ ಅಲ್ಲೇ ಬಿಡಿ. ನಿಲ್ಲದಿದ್ದರೆ ಮಾನಿಟರ್‌ನ ಫಿಲ್ಟರ್ ಕೆಪ್ಯಾಸಿಟರ್ ಒಣಗಿರಬೇಕು, ರಿಪೇರಿಯವರಿಗೆ ತೋರಿಸಿ. ಮೇಲಿನ ಹೆಸರಿನ ಫಲಕದ ಹಿಂದಿರುವ ಟ್ಯೂಬ್‌ಲೈಟಿನ ಚೋಕನ್ನೂ ಮುಟ್ಟಿ ನೋಡಿ, ಆರಿಸಿದ ಮೇಲೆ. 60 ಹರ್ಟ್ಸ್‌ನ ಚೋಕ್ ಇಲ್ಲಿ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. ಅದನ್ನು ತೆಗೆಸಿ ಎಲ್‌ಇಡಿ ಹಾಕಿಸುವುದೇ ಒಳ್ಳೆಯದು.

ಪ್ರಶ್ನೆ: ಮುಚ್ಚಿದ ವಿಡಿಯೋ ಗೇಮ್ ಪಾರ್ಲರಿನಿಂದ ಹಳೇ ಮೆಷಿನ್ ಒಂದನ್ನು ತಗೊಂಡಿದ್ದೇನೆ. ಒಳಗೆ ಜಾಮಾ ವೈರಿಂಗ್ (ಗೇಮ್ ಬೋರ್ಡ್ ಬದಲಿಸಿ ಹಾಕಬಹುದಾದ ಜೋಡಣೆ), ತಂತಿ ಜಾಲರಿಯ ಎಸ್‌ಎಂಪಿಎಸ್ (ಬೋರ್ಡಿಗೆ ಕರೆಂಟ್ ಕೊಡುವ ಸ್ವಿಚಿಂಗ್ ಪವರ್ ಸಪ್ಲೈ) ಇದೆ. ಇದಕ್ಕೂ ಸ್ಟೆಪ್ ಡೌನ್ ಬೇಕಾ? (ಓದುಗರು, ದಾವಣಗೆರೆ)

ಉತ್ತರ: ಇಲ್ಲೇ ನಡೆಯುತ್ತಿದ್ದ ಮೆಷಿನ್ ಆದರೆ ಬೇಡ. ಮಾನಿಟರ್ ಹಿಂದೆ ಬರೆದಿರುವ ವೋಲ್ಟೇಜ್ ಮಾತ್ರ ಒಮ್ಮೆ ಓದಿ. ಮಾನಿಟರ್‌ಗೆ ಅಂತ ಬೇರೆ ಟ್ರಾನ್ಸ್‌ಫಾರ್ಮರ್ ಕೆಳಗೆ ಕೂರಿಸಿದ್ದರೆ ಅದನ್ನು ಹಾಗೇ ಬಿಡಿ.

ಎಸ್‌ಎಂಪಿಎಸ್‌ನ ಪಕ್ಕದಲ್ಲಿ ಕೆಂಪು ಬಣ್ಣದ ಪುಟ್ಟ ಸ್ವಿಚ್ ಇರುತ್ತದೆ, 115 ಮತ್ತು 230 ಅಂತ. ಕರೆಂಟ್ ಕೊಡುವ ಮೊದಲು ಟಾರ್ಚ್ ಹಾಕಿ ಅದನ್ನು ನೋಡಿ. 115ರಲ್ಲಿದ್ದಾಗ ಅದು ಒಳಗೆ ವೋಲ್ಟೇಜನ್ನು ಎರಡು ಪಟ್ಟು ಮಾಡುತ್ತದೆ. ಹಾಗೇ 230 ಕೊಟ್ಟರೆ ಎರಡು ಕೆಪ್ಯಾಸಿಟರ್‌ಗಳ ಮೇಲೆ ಒಟ್ಟು 650 ವೋಲ್ಟ್ ಬೀಳುತ್ತದೆ. ಒಂದೊಂದೂ ತಡೆಯುವುದು 200. ಪಟಾಕಿ ಹೊಡೆದ ಹಾಗೆ ಸಿಡಿಯುತ್ತವೆ, ಎದುರಿಗೆ ಮುಖ ಇಟ್ಟವರ ಕಣ್ಣಿಗೆ ಅಪಾಯ. ಸ್ವಿಚ್ಚನ್ನು 230ಕ್ಕೆ ಸರಿಸಿ, ಅದರ ಮೇಲೆ ಗಟ್ಟಿಯಾಗಿ ಟೇಪ್ ಅಂಟಿಸಿಬಿಡಿ, ಯಾರ ಬೆರಳೂ ಅದನ್ನು ಸರಿಸದ ಹಾಗೆ.